ಮನೆ-ಮಳಿಗೆಗಳ ಕಾವಲಿಗೆ ವೆಬ್‌ಕ್ಯಾಮೆರಾ: ತಂತ್ರಾಂಶದ ಆಯ್ಕೆ ಹೇಗಿರಬೇಕು?

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ, ದಾವಣಗೆರೆಯ ಚೌಕಿಪೇಟೆಯಲ್ಲಾಗಲಿ, ನಮ್ಮ ಅನೇಕ ವರ್ತಕ ಬಾಂಧವರಿಗೆ ಮನೆ ಮತ್ತು ಮಳಿಗೆ ಬೇರೆ ಬೇರೆಯಲ್ಲ. ಕೆಳಗೆ ಅಂಗಡಿ, ಹಿಂಬದಿಯಲ್ಲಿ ಗೋದಾಮು, ಮೇಲ್ಮಹಡಿಯಲ್ಲಿ ಸಂಸಾರ. ಇಂತಹವರು ಕಾವಲಿಗಾಗಿ ಹಳೆಯ ಗಣಕಯಂತ್ರವೊಂದಕ್ಕೆ ವೆಬ್‌ಕ್ಯಾಮೆರಾ ಜೋಡಿಸಿ, ಚಲನೆಯನ್ನು ಗುರುತಿಸುವ ತಂತ್ರಾಂಶವನ್ನು ಅಳವಡಿಸಿಕೊಳ್ಳುವುದು ಕಡಿಮೆ ಖರ್ಚಿನ, ಸ್ವಾಗತಾರ್ಹ ಉಪಾಯ. ಆದರೆ ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ಬಹುತೇಕರು ನೀಡುವ ಉತ್ತರ ‘ಉಚಿತವಾಗಿ ಸಿಕ್ಕಿದ್ದು’ ಅಥವಾ ‘ಮೊಬೈಲಿಗೆ ಬೇಗ ಸಂದೇಶ ಕಳುಹಿಸುವಂಥದ್ದು’. ಈ ಎರಡೂ ಅಳತೆಗೋಲುಗಳು ಅಪೂರ್ಣವೆಂಬುದು ನನ್ನ ಅಭಿಪ್ರಾಯ.

ನಾನು ಲೆಕ್ಕಪತ್ರ ನೋಡುವ ಸಗಟು ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಕಳವಾಯಿತು. ಕ್ಯಾಮೆರಾ ಇತ್ತು, ತಂತ್ರಾಂಶವೂ ಕೆಲಸ ಮಾಡುತ್ತಿತ್ತು. ಆದರೆ ಕಿಟಕಿಯಾಚೆಯ ತೆಂಗಿನ ಗರಿ ಅಲುಗಿದಾಗಲೆಲ್ಲ ಅದು ಎಚ್ಚರಿಕೆ ನೀಡುತ್ತಿತ್ತು. ಬೇಸತ್ತ ಅವರ ಮಗ ಸಂದೇಶಗಳನ್ನೇ ನಿಲ್ಲಿಸಿಬಿಟ್ಟಿದ್ದ. ದಾಸ್ತಾನು ಎಣಿಸುವಾಗ ಕೊರತೆ ಕಂಡದ್ದು ಎರಡು ವಾರಗಳ ನಂತರ. ಅಷ್ಟರಲ್ಲಿ ಗರಿಯ ದೃಶ್ಯಗಳಿಂದ ಡಿಸ್ಕ್ ತುಂಬಿ, ಕಳವಿನ ರಾತ್ರಿಯ ದೃಶ್ಯ ಅಳಿಸಿಹೋಗಿತ್ತು. ವಿಮಾ ಸರ್ವೇಯರ್ ಕೇಳಿದಾಗ ತೋರಿಸಲು ಏನೂ ಉಳಿದಿರಲಿಲ್ಲ. ನಷ್ಟ ಅಲ್ಲಿಗೂ ನಿಲ್ಲಲಿಲ್ಲ. ಕಳವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಸಿಜಿಎಸ್‌ಟಿ ಕಾಯಿದೆಯ ಕಲಂ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕಾಯಿತು.

ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ ಕ್ಯಾಮೆರಾದ ದೃಶ್ಯ ಒಂದು ವೋಚರ್ ಇದ್ದಂತೆ. ದಿನಾಂಕವಿಲ್ಲದ, ಬೇಕಾದಾಗ ಕೈಗೆ ಸಿಗದ, ತಿದ್ದಿಲ್ಲವೆಂದು ತೋರಿಸಲಾಗದ ವೋಚರಿಗೆ ಬೆಲೆಯಿಲ್ಲ. ತಂತ್ರಾಂಶವನ್ನು ಈ ಒರೆಗಲ್ಲಿಗೆ ಹಚ್ಚಿ ಆರಿಸಬೇಕು.

ಮೊದಲನೆಯದು, ಸುಳ್ಳು ಎಚ್ಚರಿಕೆಯ ನಿಯಂತ್ರಣ. ಸಾಮಾನ್ಯ ತಂತ್ರಾಂಶವು ಒಂದರ ಹಿಂದೊಂದು ಬರುವ ಚಿತ್ರಗಳನ್ನು ಹೋಲಿಸಿ, ಎಷ್ಟು ಬಿಂದುಗಳು ಬದಲಾದವೆಂದು ಎಣಿಸುತ್ತದೆ. ಎಣಿಕೆ ನಿಗದಿತ ಮಿತಿ ಮೀರಿದರೆ ಮುದ್ರಣ ಆರಂಭಿಸುತ್ತದೆ. ಲಿನಕ್ಸ್‌ನಲ್ಲಿ ನಡೆಯುವ ಉಚಿತ ತಂತ್ರಾಂಶವಾದ ‘ಮೋಷನ್’ನಲ್ಲಿ ಈ ಮಿತಿ ಮೂಲತಃ 1,500 ಬಿಂದು. 640×480 ಅಳತೆಯ ಚಿತ್ರದಲ್ಲಿ ಒಟ್ಟು 3,07,200 ಬಿಂದುಗಳಿರುವುದರಿಂದ, ಇದು ಶೇ. 0.5ಕ್ಕೂ ಕಡಿಮೆ. ಮೋಡದ ನೆರಳು, ವಾಹನದ ದೀಪ, ಮಸೂರದ ಮುಂದಿನ ಜೇಡ ಇವೆಲ್ಲ ಇಷ್ಟು ಬದಲಾವಣೆ ತರಬಲ್ಲವು. ಆದುದರಿಂದ ಮಿತಿಯನ್ನು ಹೊಂದಿಸಲು ಹಾಗೂ ಚಿತ್ರದ ಬೇಡವಾದ ಭಾಗವನ್ನು ಗಣನೆಯಿಂದ ಬಿಡಲು ಅವಕಾಶವಿರುವ ತಂತ್ರಾಂಶವನ್ನೇ ಆರಿಸಬೇಕು. ‘ಮೋಷನ್’, ‘ಝೋನ್‌ಮೈಂಡರ್’ ಎರಡರಲ್ಲೂ ಈ ಸೌಲಭ್ಯವಿದೆ. ‘ಫ್ರಿಗೇಟ್’ ಒಂದು ಹೆಜ್ಜೆ ಮುಂದೆ ಹೋಗಿ, ಚಲಿಸಿದ್ದು ಮನುಷ್ಯನೋ ವಾಹನವೋ ಪ್ರಾಣಿಯೋ ಎಂದು ವಿಂಗಡಿಸುತ್ತದೆ. ಆದರೆ ಅದಕ್ಕೆ ಹೆಚ್ಚು ಸಾಮರ್ಥ್ಯದ ಯಂತ್ರ ಬೇಕು.

ಎರಡನೆಯದು, ಸಂಗ್ರಹದ ಅವಧಿ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಮುದ್ರಿಸುವ ಒಂದು ಕ್ಯಾಮೆರಾಗೆ ದಿನಕ್ಕೆ ಸುಮಾರು 21.6 ಗಿಗಾಬೈಟ್, 30 ದಿನಗಳಿಗೆ 648 ಗಿಗಾಬೈಟ್ ಸ್ಥಳ ಬೇಕು. ದಿನದ ಹತ್ತನೆಯ ಒಂದು ಭಾಗದಲ್ಲಿ ಮಾತ್ರ ಚಲನೆಯಿದ್ದರೆ 65 ಗಿಗಾಬೈಟ್ ಸಾಕು. ದಾಸ್ತಾನು ಎಣಿಕೆ ತಿಂಗಳಿಗೊಮ್ಮೆ ನಡೆಯುವ ಕಡೆ ಸಂಗ್ರಹವೂ ಕನಿಷ್ಠ ಒಂದು ತಿಂಗಳಿನದಿರಬೇಕೆಂಬುದು ಸರಳ ಲೆಕ್ಕ. ಕಳ್ಳನು ಗಣಕಯಂತ್ರವನ್ನೇ ಹೊತ್ತೊಯ್ಯುವ ಸಂಭವವಿರುವುದರಿಂದ, ಮುದ್ರಿತ ದೃಶ್ಯದ ಪ್ರತಿಯನ್ನು ಕೂಡಲೇ ಬೇರೆ ಕಡೆಗೆ ಕಳುಹಿಸುವ ವ್ಯವಸ್ಥೆಯೂ ಇರಬೇಕು. ವಿದ್ಯುತ್ ಹೋಗಿ ಬಂದ ಮೇಲೆ ಯಾರೂ ಮುಟ್ಟದೆಯೇ ತಂತ್ರಾಂಶ ತಾನಾಗಿ ಪುನಃ ಆರಂಭವಾಗುವುದೇ ಎಂದು ಖಚಿತಪಡಿಸಿಕೊಳ್ಳುವುದು ನಮ್ಮೂರುಗಳಲ್ಲಿ ಅತ್ಯವಶ್ಯಕ.

ಮೂರನೆಯದು, ಸಾಕ್ಷ್ಯದ ಯೋಗ್ಯತೆ. ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 65ಬಿ ಅಡಿಯ ಪ್ರಮಾಣಪತ್ರವು, ಮೂಲ ಸಾಧನವನ್ನೇ ಹಾಜರುಪಡಿಸದ ಸಂದರ್ಭದಲ್ಲಿ, ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63 ಜಾರಿಯಲ್ಲಿದೆ. ಸಾಧನದ ಹೊಣೆ ಹೊತ್ತವರೂ ತಜ್ಞರೊಬ್ಬರೂ ಸಹಿ ಮಾಡುವ ಈ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ದೃಶ್ಯವನ್ನು ಮೂಲರೂಪದಲ್ಲಿಯೇ ಹೊರತೆಗೆಯಲು ಬಿಡುವ, ಪ್ರತಿ ಚಿತ್ರದ ಮೇಲೆ ದಿನಾಂಕ-ವೇಳೆ ಮುದ್ರಿಸುವ ತಂತ್ರಾಂಶ ಬೇಕು. ಗಣಕಯಂತ್ರದ ಗಡಿಯಾರ ಅಂತರ್ಜಾಲದ ಮೂಲಕ ಸರಿಹೊಂದುತ್ತಿರಬೇಕು. ಮೊಬೈಲಿನಲ್ಲಿ ಪರದೆಯನ್ನು ಚಿತ್ರೀಕರಿಸಿ ವಾಟ್ಸಾಪ್‌ನಲ್ಲಿ ಹಂಚಿದ ತುಣುಕು ಮೂಲ ಕಡತಕ್ಕೆ ಬದಲಿಯಾಗಲಾರದು.

ಇನ್ನು ವೆಬ್‌ಕ್ಯಾಮೆರಾದ ಮಿತಿಗಳನ್ನೂ ಅರಿತಿರಬೇಕು. ಯುಎಸ್‌ಬಿ 2.0 ತಂತಿಯ ಉದ್ದ 5 ಮೀಟರ್ ಮೀರುವಂತಿಲ್ಲ. ಸಾಮಾನ್ಯ ವೆಬ್‌ಕ್ಯಾಮೆರಾಗೆ ಕತ್ತಲೆಯಲ್ಲಿ ಕಣ್ಣಿಲ್ಲ. ಬಾಗಿಲ ಬಳಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಗೋದಾಮು ದೊಡ್ಡದಿದ್ದರೆ ಐಪಿ ಕ್ಯಾಮೆರಾ ಮೇಲು. ಆದರೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸತಕ್ಕದ್ದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂತಹ ಪಾಸ್‌ವರ್ಡ್‌ಗಳ ಮೂಲಕವೇ ಜಗತ್ತಿನಾದ್ಯಂತ ಅಸಂಖ್ಯ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತ್ತು. ಕ್ಯಾಮೆರಾ ನೆರೆಮನೆಯ ಬಾಗಿಲಿನತ್ತ ತಿರುಗಿರಬಾರದು. ಕೆಲಸಗಾರರಿಗೆ ಕಾಣುವಂತೆ ಸೂಚನಾ ಫಲಕವಿರಲಿ.

ಉಚಿತ ತಂತ್ರಾಂಶವನ್ನು ನಾನು ವಿರೋಧಿಸುವುದಿಲ್ಲ. ಆದರೆ ಮನೆಗೆ ಉಚಿತವಾದುದು ವ್ಯಾಪಾರಕ್ಕೂ ಉಚಿತವೆಂದು ಭಾವಿಸದೆ ಪರವಾನಗಿಯನ್ನು ಓದಿಕೊಳ್ಳಬೇಕು. ಖರೀದಿಯನ್ನು ವ್ಯವಹಾರಕ್ಕೆ ಹಾಕಿದರೆ ಸಂಸ್ಥೆಯ ಹೆಸರಿನ ಬಿಲ್ಲನ್ನು ಜೋಪಾನ ಮಾಡಬೇಕು. ಮನೆಯ ಸ್ವಂತ ಬಳಕೆಯ ಪಾಲಿಗೆ ತೆರಿಗೆ ಜಮೆ ಸಿಗದು.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಈ ವಾರಾಂತ್ಯ ನಿಮ್ಮ ಗಣಕಯಂತ್ರದ ಮುಂದೆ ಕುಳಿತು, ಹದಿನೈದು ದಿನಗಳ ಹಿಂದಿನ ಒಂದು ರಾತ್ರಿಯ ದೃಶ್ಯವನ್ನು ಹುಡುಕಿ ತೆಗೆಯಲು ಪ್ರಯತ್ನಿಸಿ. ಹತ್ತು ನಿಮಿಷದಲ್ಲಿ ದೊರೆತರೆ ನಿಮ್ಮ ಆಯ್ಕೆ ಸರಿಯಾಗಿದೆ. ದೊರೆಯದಿದ್ದಲ್ಲಿ, ಮುಂದಿನ ದಾಸ್ತಾನು ಎಣಿಕೆಗೆ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳುವುದು ಲೇಸು.