ಬಯೋಡೇಟಾ ನಮ್ಮ ಮಕ್ಕಳದೋ, ಸೈಬರಿನವರದೋ?

ಕಳೆದ ರಂಝಾನ್ ಮುಗಿದ ಮೇಲೆ ಒಂದು ರಾತ್ರಿ, ಇಲ್ಲಿ ತೆಲಿಗಿಯಲ್ಲಿ ಇಶಾ ನಮಾಝ್ ಆಗಿ ಎಲ್ಲರೂ ಹೊರಟ ಮೇಲೆ ಒಬ್ಬ ಹುಡುಗ ಹಿಂದೆ ಉಳಿದ. "ಹಜರತ್, ಇದನ್ನ ಒಂದಿಷ್ಟು ನೋಡ್ರಿ" ಎಂದು ಕಾಗದ ಕೊಟ್ಟ. (ಈ ಕಡೆಯವರಿಗೆ ನಾವು ಹಜರತ್, ಊರಿಗೆ ಬಂದರೆ ಉಸ್ತಾದ್.) ಬಿ.ಕಾಂ. ಮುಗಿಸಿದ ಹುಡುಗ. ದಾವಣಗೆರೆಯ ಒಂದು ಶೋರೂಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಬಯೋಡೇಟಾ ಮಾಡಿಸಿದ್ದ. ಹವ್ಯಾಸ ಎಂಬಲ್ಲಿ 'ಸಂಗೀತ ಕೇಳುವುದು, ಈಜುವುದು' ಎಂದಿತ್ತು. ನಿನಗೆ ಈಜು ಬರ್ತದಾ ಎಂದು ಕೇಳಿದೆವು. ನಕ್ಕುಬಿಟ್ಟ. ಸೈಬರಿನವರೇ ಹಾಕಿದ್ದಂತೆ.

ಅದೇ ವಾರ ಉಳ್ಳಾಲದಿಂದ ನಮ್ಮ ತಂಗಿಯ ಮಗ ವಾಟ್ಸ್‌ಆಪಿನಲ್ಲಿ ಅವನ ಬಯೋಡೇಟಾ ಕಳಿಸಿದ. ಮಂಗಳೂರಿನ ಆಸ್ಪತ್ರೆಯೊಂದರ ರಿಸೆಪ್ಷನ್ ಕೆಲಸಕ್ಕೆ. ತೆರೆದು ನೋಡಿದರೆ ಮೇಲಿನ 'ಉದ್ದೇಶ'ದ ನಾಲ್ಕು ಸಾಲು ಇಂಗ್ಲಿಷ್ ತೆಲಿಗಿಯ ಹುಡುಗನದ್ದೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಮುನ್ನೂರು ಕಿಲೋಮೀಟರಿನಷ್ಟು ದೂರದ ಎರಡು ಊರು, ಎರಡು ಕೆಲಸ, ಆದರೆ ಕಾಗದ ಒಂದೇ! ಹೀಗೆ ಬಂದ ನೂರು ಕಾಗದಗಳನ್ನು ಒಬ್ಬ ಮ್ಯಾನೇಜರ್ ಓದುತ್ತಾನಾ ಮಾರಾಯ್ರೆ? ತಿರುವಿ ಹಾಕುತ್ತಾನೆ ಅಷ್ಟೇ.

ತೆಲಿಗಿಯ ಹುಡುಗನನ್ನು ಕೂರಿಸಿ ವಿಚಾರಿಸಿದೆವು. ಒಂಬತ್ತನೇ ಕ್ಲಾಸಿನಿಂದ ತಂದೆಯ ಬಟ್ಟೆ ಅಂಗಡಿಯ ಉದ್ರಿ ಪುಸ್ತಕ ಅವನ ಕೈಯಲ್ಲಿದೆ. ಮೂರು ವರ್ಷದಿಂದ ಮಸೀದಿ ಕಮಿಟಿಯ ಜಮಾಖರ್ಚು ಬರೆಯುವವನೂ ಅವನೇ. ಟ್ಯಾಲಿ ಕಲಿತಿದ್ದಾನೆ. ಒಂದಾದರೂ ಕಾಗದದಲ್ಲಿ ಇರಲಿಲ್ಲ. "ಅದು ಮನೆ ಕೆಲಸ ಅಲ್ರೀ ಹಜರತ್, ಸಂಬಳ ಕೊಟ್ಟಿಲ್ಲಲ್ಲ" ಎಂದ. ನಮ್ಮ ಅಳಿಯ ಇನ್ನೂ ಒಂದು ಹೆಜ್ಜೆ ಮುಂದೆ. ಗೊತ್ತಿರುವ ಭಾಷೆಗಳು: ಇಂಗ್ಲಿಷ್, ಹಿಂದಿ, ಕನ್ನಡ. ಬ್ಯಾರಿ ಇಲ್ಲ, ತುಳು ಇಲ್ಲ, ಮಲಯಾಳಂ ಇಲ್ಲ. ಬ್ಯಾರಿ ಅಂತ ಬರೆದರೆ ನಗ್ತಾರೆ ಎಂಬ ಭಯ. ಸರಕಾರ 2007ರಲ್ಲಿಯೇ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿದೆ, ನಮ್ಮ ಮಕ್ಕಳಿಗೆ ಮಾತ್ರ ಅದು ಇನ್ನೂ ಭಾಷೆ ಅನಿಸಿಲ್ಲ. ಕಾಸರಗೋಡಿನಿಂದ, ಕೇರಳದಿಂದ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಬರುವುದು ಯಾರಿಗೆ ಗೊತ್ತಿಲ್ಲ? ನೋವು ತಿಂದು ಬಂದ ಒಬ್ಬ ಉಮ್ಮನಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಡುವ ಹುಡುಗ ಆ ಕೌಂಟರಿಗೆ ಬೇಕು. ಅವನು ಬಿಟ್ಟಿದ್ದ ಮೂರು ಭಾಷೆಯೇ ಅವನ ದೊಡ್ಡ ಅರ್ಹತೆ.

ಬರೆಯಲು ಹೇಳಿದರೆ ಇನ್ನೊಂದು ಪ್ರಶ್ನೆ ಬರುತ್ತದೆ. ನಮ್ಮನ್ನು ನಾವೇ ಹೊಗಳಿಕೊಂಡರೆ ಕಿಬ್ರ್ ಆಗುದಿಲ್ವಾ ಉಸ್ತಾದ್? ಪ್ರಶ್ನೆ ಒಳ್ಳೆಯದೇ. ಉತ್ತರ ಸೂರಃ ಯೂಸುಫಿನಲ್ಲಿದೆ. ಜೈಲಿನಿಂದ ಹೊರಬಂದ ಯೂಸುಫ್ ನಬಿ (ಅ.ಸ.) ರಾಜನ ಬಳಿ ಭಂಡಾರದ ಹೊಣೆಯನ್ನು ತಾವಾಗಿಯೇ ಕೇಳಿದರು. ಆಗ ತಾನು ಯಅ್‌ಕೂಬ್ ನಬಿಯ ಮಗ, ಇಸ್‌ಹಾಕ್ ನಬಿಯ ಮೊಮ್ಮಗ ಎಂದು ಹೇಳಲಿಲ್ಲ. ಚೆಲುವಿನ ಮಾತೂ ಎತ್ತಲಿಲ್ಲ. ಹೇಳಿದ್ದು ಎರಡೇ: ತಾನು ಜೋಪಾನ ಮಾಡಬಲ್ಲವನು, ವಿಷಯ ತಿಳಿದವನು. ಭಂಡಾರಕ್ಕೆ ಬೇಕಾದದ್ದು ಆ ಎರಡೇ ಗುಣ. ಇರುವ ಅರ್ಹತೆಯನ್ನು ಅಗತ್ಯ ಬಂದಾಗ ಹೇಳಬಹುದು ಎಂಬುದಕ್ಕೆ ಉಲಮಾಗಳು ಇದನ್ನು ಆಧಾರ ಕೊಡುತ್ತಾರೆ. ಮೂಸಾ ನಬಿಯ (ಅ.ಸ.) ವಿಷಯವೂ ಹಾಗೆಯೇ. ಮದ್ಯನಿನಲ್ಲಿ ಆ ಹೆಣ್ಣುಮಗಳು ತಂದೆಯ ಬಳಿ ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಬಲವಂತರು, ನಂಬಿಗಸ್ತರು ಎಂದದ್ದು ಬರೇ ಮಾತಲ್ಲ, ಬಾವಿಯ ಬಳಿ ಅವರು ಕುರಿಗಳಿಗೆ ನೀರು ಕುಡಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಬಯೋಡೇಟಾದಲ್ಲಿ 'ಕಷ್ಟಪಟ್ಟು ದುಡಿಯುವವನು, ಪ್ರಾಮಾಣಿಕ' ಎಂದು ಎಲ್ಲರೂ ಬರೆಯುತ್ತಾರೆ. ನೀರು ಕುಡಿಸಿದ್ದು ಎಲ್ಲಿ, ಅದನ್ನು ಬರೆಯಬೇಕು.

ನಮ್ಮ ದರ್ಸ್‌ಗಳಲ್ಲಿ ಕಲಿತವರು ಇಲ್ಲಿಯೇ ಎಡವುವುದು. ಹೆಸರಿನ ಮುಂದೆ ಬಿರುದು ಹಾಕಿ ಸುಮ್ಮನಾಗುತ್ತಾರೆ. ಆ ಬಿರುದು ನಮಗೆ ಗೊತ್ತು, ಕಂಪೆನಿಯವರಿಗೆ ಗೊತ್ತಿಲ್ಲ. ಏಳು ವರ್ಷ ಅರಬಿ ವ್ಯಾಕರಣ ಓದಿದ್ದೇನೆ, ಅರಬಿ ಓದಿ ಕನ್ನಡದಲ್ಲಿ ಅರ್ಥ ಹೇಳಬಲ್ಲೆ, ನಲವತ್ತು ಮಕ್ಕಳ ಕ್ಲಾಸು ನಡೆಸಿದ್ದೇನೆ ಎಂದರೆ ಅವರಿಗೂ ತಿಳಿಯುತ್ತದೆ. ಮದುವೆ ಆಗಿ ಐದಾರು ವರ್ಷ ಮನೆಯಲ್ಲಿದ್ದ ಹೆಣ್ಣುಮಕ್ಕಳೂ ಆ ವರ್ಷಗಳನ್ನು ಅಡಗಿಸುವುದು ಬೇಡ. ಮಕ್ಕಳನ್ನು ಸಾಕಿದೆ, ಜೊತೆಗೆ ಮನೆಯಲ್ಲಿ ಟ್ಯೂಷನ್ ಹೇಳಿದೆ ಎಂದು ಒಂದು ಸಾಲು ಬರೆದರೆ ಸಾಕು.

ಇನ್ನು ಸುಳ್ಳಿನ ವಿಷಯ. ನಮಗೆ ಗೊತ್ತಿರುವ ಒಬ್ಬ ಹುಡುಗನಿಗೆ ಏಜೆಂಟ್ ಒಬ್ಬ ಎಸಿ ಮೆಕ್ಯಾನಿಕ್ ಕೆಲಸದಲ್ಲಿ ಮೂರು ವರ್ಷ ಅನುಭವ ಎಂದು ಬರೆಸಿ, ಸರ್ಟಿಫಿಕೇಟನ್ನೂ ತಾನೇ ಮಾಡಿಸಿಕೊಟ್ಟ. ಹುಡುಗ ಗಲ್ಫಿಗೆ ಹೋದ. ಅಲ್ಲಿ ಗ್ಯಾಸ್ ತುಂಬಿಸು ಎಂದಾಗ ಕೈ ನಡುಗಿತು. ಎರಡು ತಿಂಗಳಲ್ಲಿ ವಾಪಸ್. ಉಮ್ಮನ ಬಳೆ ಇನ್ನೂ ಬ್ಯಾಂಕಿನಲ್ಲಿದೆ. ಸುಳ್ಳು ಸಾಕ್ಷಿ ದೊಡ್ಡ ಪಾಪಗಳಲ್ಲಿ ಒಂದು ಎಂದು ಮದ್ರಸದಲ್ಲಿ ಕಲಿಸುತ್ತೇವೆ, ಇದೂ ಅದೇ ಜಾತಿಯದ್ದು ಎಂದು ಬಿಡಿಸಿ ಹೇಳುವುದಿಲ್ಲ. ಅದು ನಮ್ಮ ತಪ್ಪು. ಈಗ ಸೌದಿಯವರು ಪ್ಲಂಬರ್, ವೆಲ್ಡರ್, ಎಲೆಕ್ಟ್ರಿಷಿಯನ್, ಎಸಿ ಕೆಲಸದಂಥವಕ್ಕೆ ಭಾರತದಲ್ಲಿಯೇ ಪರೀಕ್ಷೆ ಮಾಡುತ್ತಾರೆ, ಸುಳ್ಳು ವಿಮಾನ ಹತ್ತುವ ಮೊದಲೇ ಗೊತ್ತಾಗುತ್ತದೆ. ಏಜೆಂಟರಿಗೆ ಸರಕಾರದ ನೋಂದಣಿ ಇದೆಯಾ ಎಂದು ಇ-ಮೈಗ್ರೇಟ್‌ನಲ್ಲಿ ನೋಡಿಯೇ ಪಾಸ್‌ಪೋರ್ಟ್ ಕೊಡಬೇಕು. ನೋಂದಣಿ ಇರುವವರೂ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ.ಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ.

ಹೆಸರು ಸಣ್ಣ ವಿಷಯ ಅಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಮಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಪಾಸ್‌ಪೋರ್ಟಿನಲ್ಲಿ ಮುಹಮ್ಮದ್. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೋದರೂ ವೀಸಾ ಹೊತ್ತಿಗೆ ಓಡಾಟ. ಒಂದೇ ಹೆಸರು ಇಟ್ಟು ಮನೆಹೆಸರು ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾ ಕೊಡುವುದನ್ನೇ ನಿಲ್ಲಿಸಿತು. ಎಸ್‌ಎಸ್‌ಎಲ್‌ಸಿ ಪಾಸಾದವರು ಅದನ್ನು ತೋರಿಸಿ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಬಾರದಂತೆ ನೋಡಿಕೊಳ್ಳಬೇಕು, ಬಯೋಡೇಟಾದಲ್ಲಿಯೂ ಹೇಳಬೇಕು. ಈ ಕಡೆಯ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ಮಕ್ಕಳು ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ 371 ಜೆ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಲಿ. ಕೊನೆಯ ದಿನ ಎ.ಸಿ. ಆಫೀಸಿಗೆ ಓಡಿದರೆ ಸಿಗುವುದಿಲ್ಲ.

ಮತ್ತೆ ಇಮೇಲ್. ತೆಲಿಗಿಯ ಹುಡುಗನ ಕಾಗದದಲ್ಲಿದ್ದ ಇಮೇಲ್ ಅವನದಲ್ಲ, ಸೈಬರಿನವರದ್ದು! ಹಿಂದೆ ಎರಡು ಕಡೆ ಅರ್ಜಿ ಹಾಕಿ ಕರೆ ಬರಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದ. ಮರುದಿನ ಹೋಗಿ ತೆಗೆಸಿ ನೋಡಿದರೆ ಅದರಲ್ಲೊಂದು ಕಡೆಯಿಂದ ಇಂಟರ್‌ವ್ಯೂಗೆ ಕರೆದ ಪತ್ರ ಬಂದು ನಾಲ್ಕು ತಿಂಗಳಾಗಿತ್ತು. ಅವತ್ತೇ ಅವನ ಮೊಬೈಲಿನಲ್ಲಿ ಅವನದೇ ಹೆಸರಿನ ಇಮೇಲ್ ಮಾಡಿಸಿದೆವು. ಬಯೋಡೇಟಾ ಒಂದೇ ಪುಟಕ್ಕೆ ಬಂತು: ಮೇಲೆ ಹೆಸರು, ಫೋನ್, ಕೆಳಗೆ ಅಂಗಡಿಯ ಲೆಕ್ಕ, ಮಸೀದಿಯ ಜಮಾಖರ್ಚು, ಟ್ಯಾಲಿ, ಆಮೇಲೆ ಓದು. ಕಮಿಟಿ ಅಧ್ಯಕ್ಷರನ್ನು ಕೇಳಿ ಅವರ ನಂಬರನ್ನೂ ಕೊನೆಗೆ ಹಾಕಿದೆವು. ಪ್ರಿಂಟ್ ತೆಗೆಸಿಕೊಂಡು ಬಂದಾಗ ತಿರುಗಿಸಿ ನೋಡಿದೆವು, ಈಜು ಇರಲಿಲ್ಲ.