ಸೀಸೆಯೊಳಗಿನ ಮೈಸೂರು

ಹಾಲು ಕೆಟ್ಟಿತೆ, ಒಲೆಯ ಮೇಲಿನ ಪಲ್ಯ ಸೀದಿತೆ ಎಂದು ತಿಳಿಸಿಬಿಟ್ಟರೆ ಮೂಗಿನ ಕೆಲಸ ಮುಗಿಯಿತೆಂದೇ ಹೆಚ್ಚಿನ ಗೃಹಸ್ಥರ ಎಣಿಕೆ. ಪರಿಮಳದ ವಿಷಯದಲ್ಲಿಯೂ ಅಷ್ಟೆ. ಅಂಗಡಿಯಲ್ಲಿ ಸೀಸೆಯ ಬಿರಡೆ ತೆಗೆದು ಒಮ್ಮೆ ಮೂಸಿ, 'ಚೆನ್ನಾಗಿದೆ' ಎಂದೋ 'ತಲೆನೋವು' ಎಂದೋ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಸುಗಂಧವೆಂಬುದು ಬಿರಡೆಯ ಬಳಿ ತನ್ನ ಗುಣವನ್ನು ಹೇಳತಕ್ಕದ್ದಲ್ಲ. ಮೊದಲು ಮದ್ಯಸಾರದೊಡನೆ ಹಗುರವಾದ ಅಂಶಗಳು ಹಾರುತ್ತವೆ. ಆಮೇಲೆ ಹೂವಿನ ಅಂಶಗಳು ತಲೆಯೆತ್ತುತ್ತವೆ. ಕಡೆಗೆ ಮರ, ಅಂಟು, ಬೇರುಗಳ ಭಾರವಾದ ಅಂಶಗಳು ಮೈಯ ಬಿಸಿಗೆ ಮೆಲ್ಲನೆ ಕರಗುತ್ತವೆ. ಇಷ್ಟನ್ನೂ ಅರಿಯಬೇಕಾದರೆ ಅದನ್ನು ಹಚ್ಚಿಕೊಂಡು ನಾಲ್ಕು ಜನರ ನಡುವೆ ಒಂದು ಹಗಲು ಕಳೆಯಬೇಕು.

ಚಾಮರಾಜನಗರದ ನಿವೃತ್ತ ಮೇಷ್ಟರೊಬ್ಬರಿಗೆ ಈ ಸತ್ಯ ಗೋಚರವಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಪರದೇಶದಿಂದ ರಜೆಗೆ ಬಂದ ಸೊಸೆ ಬೆರಳುದ್ದದ ಮೂರು ಸೀಸೆಗಳನ್ನು ಅವರ ಮುಂದಿಟ್ಟಳು. ಆ ಕಡೆಯವರು 'ನಿಶ್' ಎಂದು ಕರೆಯುವ ಜಾತಿಯ ಸುಗಂಧಗಳು ಅವು. ಲಕ್ಷಾಂತರ ಜನಕ್ಕೆ ಒಪ್ಪಿಗೆಯಾಗಲೆಂದು ಮಾಡಿದವಲ್ಲ. ಒಪ್ಪುವವರು ಒಪ್ಪಲಿ ಎಂಬ ಧೈರ್ಯದಿಂದ ಕಲಸಿದವು.

"ಇದೊಂದರ ಮೇಲೆ ನಮ್ಮ ಮೈಸೂರಿನ ಹೆಸರೇ ಇದೆ, ಹಚ್ಚಿಕೊಂಡು ನೋಡಿ ಮಾವ" ಎಂದಳು ಸೊಸೆ.

ಮೇಷ್ಟರು ವಾರಕ್ಕೊಮ್ಮೆ ಬಸ್ಸು ಹತ್ತಿ ಗುಂಡ್ಲುಪೇಟೆಯ ತಂಗಿಯ ಮನೆಗೆ ಹೋಗಿಬರುವ ರೂಢಿಯವರು. ವಾರಕ್ಕೊಂದು ಸೀಸೆಯೆಂದು ಗೊತ್ತುಮಾಡಿಕೊಂಡರು.

ಮೊದಲ ವಾರದ್ದು ಪ್ಯಾರಿಸಿನ ಸೆರ್ಜ್ ಲುಟೆನ್ಸ್ ಅವರ 1999ರ 'ತ್ಯುಬೆರೋಸ್ ಕ್ರಿಮಿನೆಲ್'. ಎಂದರೆ ಅಪರಾಧಿ ಸುಗಂಧರಾಜ. ಬಸ್ಸು ಊರು ಬಿಡುವ ಮೊದಲೇ ಪಕ್ಕದವನು, "ಏನ್ ಮೇಷ್ಟ್ರೇ, ಮಂಡಿನೋವೇ?" ಎಂದು ಕನಿಕರದಿಂದ ವಿಚಾರಿಸಿದನು. ಅವನ ಮೂಗು ತಪ್ಪಲಿಲ್ಲ. ನೋವಿನ ಮುಲಾಮುಗಳಲ್ಲಿರುವ ಮಿಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತು ಸುಗಂಧರಾಜದ ಹೂವಿನಲ್ಲಿ ಸಹಜವಾಗಿಯೇ ಇದೆ. ಬೇರೆಯವರು ಅದನ್ನು ಮುಚ್ಚಿಡುತ್ತಾರೆ. ಇವರು ಎತ್ತಿ ತೋರಿಸಿದ್ದಾರೆ. ತೆರಕಣಾಂಬಿ ದಾಟುವ ಹೊತ್ತಿಗೆ ಮುಲಾಮಿನ ಘಾಟು ಸರಿದು ಬೆಣ್ಣೆಯಂತಹ ಹೂವಿನ ಕಂಪು ಹೊರಬಂದಿತು. ತಂಗಿ ಅರ್ಧ ಎಕರೆಯಲ್ಲಿ ಸುಗಂಧರಾಜ ಬೆಳೆಸುವವಳು. ಅಣ್ಣನ ಮಣಿಕಟ್ಟನ್ನೂ ಸೀಸೆಯನ್ನೂ ಒಂದಾದ ಮೇಲೊಂದು ಮೂಸಿ, "ಅಣ್ಣಯ್ಯ, ಬೆಳಗಿನ ಜಾವ ಮೊಗ್ಗು ಬಿಡಿಸುವಾಗ ಬುಟ್ಟಿಯಲ್ಲಿ ಈ ಘಾಟು ಇದ್ದೇ ಇರುತ್ತದೆ. ಇದರಲ್ಲಿ ಅಪರಾಧವೇನು ಬಂತು?" ಎಂದಳು.

ಎರಡನೆಯದು ನ್ಯೂಯಾರ್ಕಿನ ಲೆ ಲಾಬೋ ಎಂಬ ಸಂಸ್ಥೆಯ 'ಸ್ಯಾಂಟಲ್ 33', 2011ರದು. ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಹೊಸ ಚರ್ಮ, ಒಣಮರ, ಎಳೆಸೌತೆಯ ತಂಪು. "ಮಿಡಿಸೌತೆಯನ್ನು ಚಪ್ಪಲಿ ಅಂಗಡಿಯಲ್ಲಿ ಇಟ್ಟಹಾಗಿದೆ" ಎಂಬುದು ತಂಗಿಯ ತೀರ್ಪು. ಹೆಸರಿನಲ್ಲಿ ಗಂಧವಿದ್ದರೂ ಅದರೊಳಗಿನದು ಆಸ್ಟ್ರೇಲಿಯದ ಗಂಧ. ಮೇಷ್ಟರಿಗೆ ಅದು ಬೇಸರ ತರಲಿಲ್ಲ. ಮರುದಿನವೂ ಅಂಗವಸ್ತ್ರದಲ್ಲಿ ಉಳಿದಿದ್ದ ಆ ತಂಪನ್ನು ಎರಡು ಸಲ ಮೂಸಿದರು.

ಮೂರನೆಯದು ಲುಟೆನ್ಸ್ ಅವರದೇ 1991ರ 'ಸಾಂತಾಲ್ ದ ಮೈಸೋರ್'. ಹಚ್ಚಿದ ಕೂಡಲೆ ಜೀರಿಗೆ, ಸಂಬಾರದ ಪದಾರ್ಥ, ಪಾಕ ಸೀದ ಸಕ್ಕರೆ. "ಗಂಧದ ಪೆಟ್ಟಿಗೆಯಲ್ಲಿ ಹುಳಿಪುಡಿ ತುಂಬಿದ್ದಾರೆ. ಮೈಸೂರು ಎಲ್ಲಿದೆ ಅಣ್ಣಯ್ಯ ಇದರಲ್ಲಿ?" ಎಂದು ತಂಗಿ ನಕ್ಕಳು. ಸಂಜೆಯ ಹೊತ್ತಿಗೆ ಜೀರಿಗೆ ಅಡಗಿ, ತೆಳ್ಳಗೆ ಮರದ ಕಂಪು ಉಳಿಯಿತು. ಆಗ ಆಕೆ ದೇವರ ಮನೆಯಿಂದ ಸಾಣೆಕಲ್ಲು ತಂದು, ನಾಲ್ಕು ಹನಿ ನೀರು ಹಾಕಿ ಗಂಧ ತೇಯ್ದು ಅಣ್ಣನ ಇನ್ನೊಂದು ಮಣಿಕಟ್ಟಿಗೆ ಹಚ್ಚಿದಳು. ಒಂದು ಕೈಯದು ಚಾತುರ್ಯದ ಮಾತು. ಇನ್ನೊಂದು ಕೈಯದು ಕಾಯಿಸಿದ ಹಾಲಿನಂತೆ ಮೆದು, ಎಲ್ಲಿಯೂ ದನಿಯೆತ್ತದು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮದುವೆಯಲ್ಲಿ ತವರಿನಿಂದ ಬಂದಿದ್ದ ಆ ಕೊರಡು ತೇಯ್ದು ತೇಯ್ದು ಹೆಬ್ಬೆಟ್ಟಿನಷ್ಟಾಗಿತ್ತು.

ಹೆಸರು ಪ್ಯಾರಿಸಿಗೆ ಹೋಗಿ, ಕೊರಡು ಹೆಬ್ಬೆಟ್ಟಿನಷ್ಟಾದ ಕಥೆ ಈ ಸೀಮೆಯದೇ ಕಥೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಮರ ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಎಣ್ಣೆಯನ್ನು ಇಲ್ಲಿಯೇ ಇಳಿಸುವ ಏರ್ಪಾಡು ಮಾಡಿದರು; 1918ರಲ್ಲಿ ಸಾಬೂನೂ ಬಂದಿತು. ಆದರೆ ಮರ ಮಾತ್ರ, ಯಾರ ಹೊಲದಲ್ಲಿ ಬೆಳೆದರೂ, 2001ರ ತಿದ್ದುಪಡಿಯವರೆಗೆ ಸರ್ಕಾರದ್ದೇ ಆಗಿತ್ತು. ಬೇಲಿಯಲ್ಲಿ ಗಂಧದ ಸಸಿ ಕಂಡರೆ ರೈತನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ತಂಗಿಯ ಮಾವನವರು ಹಕ್ಕಿ ಉದುರಿಸಿದ ಬೀಜದಿಂದ ಮೊಳೆತ ಸಸಿಗಳನ್ನು ಕಳೆಯೊಡನೆ ಕಿತ್ತೆಸೆಯುತ್ತಿದ್ದರಂತೆ. ಇನ್ನು ಕಾಡಿನ ಮರಗಳ ಪಾಡು ಹೇಳಬೇಕಾಗಿಲ್ಲ. ಇದೇ ಜಿಲ್ಲೆಯ ಗೋಪಿನಾಥಂನಲ್ಲಿ ಹುಟ್ಟಿ 2004ರಲ್ಲಿ ಹತನಾದ ವೀರಪ್ಪನ್ ಎಂಬ ಹೆಸರೊಂದೇ ಸಾಕು.

ಈಗ ಮರ ನೆಲದ ಒಡೆಯನದು. ಕಡಿದು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಶ್ರೀಗಂಧ ಒಂಟಿಯಾಗಿ ಬಾಳುವ ಮರವೂ ಅಲ್ಲ; ಅದರ ಬೇರು ನೆರೆಯ ಗಿಡದ ಬೇರನ್ನು ಹಿಡಿದು ಆಹಾರ ಹೀರುತ್ತದೆ. ಕಂಪು ಇರುವುದು ಒಳತಿರುಳಿನಲ್ಲಿ. ಅದು ಬಲಿಯಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು.

ತಂಗಿ ಹೊಲದ ಅಂಚಿನಲ್ಲಿ ತೊಗರಿಯ ನಡುವೆ ಮೂರು ಗಂಧದ ಸಸಿ ನೆಟ್ಟಿದ್ದಾಳೆ. ಮಗನಿಗೆ ಒಪ್ಪಿಗೆಯಿಲ್ಲ. "ಮರ ಬಲಿತ ದಿನ ಕಳ್ಳ ಬರುತ್ತಾನೆ. ಅಲ್ಲಿಯವರೆಗೆ ಕಾವಲು ಯಾರಮ್ಮ?" ಎಂಬುದು ಅವನ ಪ್ರಶ್ನೆ. ಬಣ್ಣದ ಕಾರ್ಖಾನೆಗೆ ಚೆಂಡುಹೂವು ಹಾಕಿದರೆ ಕೆಲವೇ ತಿಂಗಳಲ್ಲಿ ದುಡ್ಡು ಎಂಬುದು ಅವನ ಲೆಕ್ಕ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮೇಷ್ಟರೂ ಅದನ್ನು ಒಪ್ಪಿದರು. ತಂಗಿ ವಾದಕ್ಕೆ ನಿಲ್ಲಲಿಲ್ಲ. "ನನ್ನ ಮೊಮ್ಮಗಳಿಗೆ ಗಂಧ ಎಂದರೆ ಸೋಪು. ಅಷ್ಟೇ ಆಗಬಾರದು" ಎಂದಳು.

ಸಸಿಗಳಲ್ಲಿ ಒಂದು ಕಳೆದ ಬೇಸಿಗೆಯಲ್ಲಿ ಒಣಗಿತು. ಎರಡು ಮೊಣಕಾಲೆತ್ತರಕ್ಕೆ ಬಂದಿವೆ. ಅವುಗಳ ಎಲೆಯನ್ನು ಕಿವುಚಿ ಮೂಸಿದರೆ ಬರಿಯ ಹಸಿರಿನ ವಾಸನೆ. ಗಂಧದ ಸುಳಿವೇ ಇಲ್ಲ.