ಡೇಟಾ ಕಲಬುರಗಿಯಲ್ಲಿ, ಲ್ಯಾಪ್‌ಟಾಪ್ ಕಮಲಾಪುರದಲ್ಲಿ

ಆರ್‌ಸ್ಟುಡಿಯೋ ಡೆಸ್ಕ್‌ಟಾಪ್‌ನಲ್ಲಿ ‘ಸರ್ವರ್‌ಗೆ ಕನೆಕ್ಟ್’ ಅನ್ನೋ ಬಟನ್ ಹುಡುಕಿ ಸುಸ್ತಾಗಿದ್ದೀರಾ? ಹುಡುಕಬೇಡಿ. ಉಚಿತ ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ. ಡೆಸ್ಕ್‌ಟಾಪ್ ಬೇರೆ ತಂತ್ರಾಂಶ, ಆರ್‌ಸ್ಟುಡಿಯೋ ಸರ್ವರ್ ಬೇರೆ. ಸರ್ವರ್ ತೆರೆಯೋದು ಬ್ರೌಸರ್‌ನಲ್ಲಿ.

ನನ್ನ ಕಾಕಾನ ಮಗಳೂ ಇದನ್ನೇ ಕೇಳಿದ್ದಳು. "ಅಣ್ಣಾ, ಡಿಪಾರ್ಟ್‌ಮೆಂಟಿನ ಸರ್ವರ್ ನನ್ನ ಲ್ಯಾಪ್‌ಟಾಪಿಗೆ ಹ್ಯಾಂಗ ಜೋಡಿಸ್ಬೇಕು?" ಅವಳಿರೋದು ಕಮಲಾಪುರದಲ್ಲಿ (ಹಂಪಿ ಹತ್ತಿರದ್ದಲ್ಲ, ಕೆಂಪು ಬಾಳೆಹಣ್ಣಿನ ನಮ್ಮ ಕಮಲಾಪುರ). ತೊಗರಿ ಬೆಳೆಯೋ ಕುಟುಂಬಗಳ ಸಾಲದ ಬಗ್ಗೆ ಪಿಎಚ್‌ಡಿ ಮಾಡ್ತಿದಾಳೆ. ಮನೆಯಲ್ಲಿ ಎಂಟು ತಿಂಗಳ ಕೂಸು. ದಿನಾ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರೋದು ಆಗದ ಮಾತು. ಮನೆಯಿಂದ ಕೆಲಸ ಸಾಗದಿದ್ರೆ ಓದು ಈ ವರ್ಷಕ್ಕೆ ನಿಲ್ಲಲಿ ಅಂತ ಹಿರಿಯರು ತೀರ್ಮಾನಕ್ಕೆ ಬಂದಿದ್ದರು.

ಡೇಟಾನೇ ಪೆನ್‌ಡ್ರೈವ್‌ನಲ್ಲಿ ತಂದುಬಿಡ್ಲಾ ಅಂದಳು. ಬ್ಯಾಡ ಅಂದೆ. ಅದರಲ್ಲಿ ರೈತರ ಹೆಸರು, ಊರು, ಯಾರಿಗೆ ಎಷ್ಟು ಸಾಲ, ಎಲ್ಲಾ ಇದೆ. ಪೆನ್‌ಡ್ರೈವ್ ಬಸ್ಸಲ್ಲಿ ಬಿದ್ದರೆ ಮಾನ ಹೋಗೋದು ಅವರದ್ದು. ಡೌನ್‌ಲೋಡ್ ಮಾಡೋಣ ಅಂದ್ರೂ, 2 ಜಿಬಿ ಫೈಲು 1 ಎಂಬಿಪಿಎಸ್ ವೇಗದಲ್ಲಿ ಇಳಿಯೋಕೆ ಹತ್ತಿರ ಹತ್ತಿರ ನಾಲ್ಕೂವರೆ ತಾಸು. ಅದೂ ನಡುವೆ ಕರೆಂಟ್ ಹೋಗದಿದ್ರೆ! ಡೇಟಾ ಇದ್ದಲ್ಲೇ ಇರಲಿ, ನಮ್ಮ ಕಮಾಂಡ್ ಹೋಗಿ ಉತ್ತರ ಮಾತ್ರ ಬರಲಿ. ಸರ್ವರ್ ಇರೋದೇ ಇದಕ್ಕೆ.

ಆರ್‌ಸ್ಟುಡಿಯೋ ಸರ್ವರ್ ಸಾಮಾನ್ಯವಾಗಿ 8787ನೇ ಪೋರ್ಟ್‌ನಲ್ಲಿ ಕೂತಿರುತ್ತೆ. ಆ ಪೋರ್ಟನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡೋದು ಬಾಗಿಲಿಗೆ ಚಿಲಕ ಹಾಕದೆ ಊರಿಗೆ ಹೋದಂಗೆ. ಬದಲಿಗೆ ಎಸ್‌ಎಸ್‌ಎಚ್ ಸುರಂಗ ಕೊರೀಬೇಕು. ಫಿನ್‌ಲ್ಯಾಂಡಿನ ತಾತು ಯಲೋನೆನ್ ಅನ್ನೋರು 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದೇ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕಳ್ಳತನ ಆದಮೇಲೆ. ವಿಂಡೋಸ್ 11ರಲ್ಲಿ ಅದು ಮೊದಲೇ ಬಂದಿರುತ್ತೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಸ್‌ಎಚ್ ಅಂತ ಬರೆದು, ಹೈಫನ್ ಎಲ್, ನಂತರ 8787:ಲೋಕಲ್‌ಹೋಸ್ಟ್:8787, ಕೊನೆಗೆ ನಿಮ್ಮ ಯೂಸರ್‌ನೇಮ್, ಅಟ್ ಚಿಹ್ನೆ, ಸರ್ವರ್ ವಿಳಾಸ. ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ, ಆ ಎಲ್ ಮಾತ್ರ ದೊಡ್ಡಕ್ಷರ. ಸಣ್ಣ ಎಲ್ ಹಾಕಿದ್ರೆ ಅದು ಲಾಗಿನ್ ಹೆಸರು ಅಂದುಕೊಳ್ಳುತ್ತೆ. ಆ ಕಪ್ಪು ಕಿಟಕಿ ಮುಚ್ಚದೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8787 ತೆರೆದರೆ ಕಲಬುರಗಿಯ ಸರ್ವರ್ ಕಮಲಾಪುರದ ಅಡುಗೆಮನೆ ಕಟ್ಟೆ ಮೇಲೆ ಹಾಜರ್. (ಕಾಲೇಜಿನವರು ವಿಪಿಎನ್ ಕೊಟ್ಟಿದ್ರೆ ಮೊದಲು ಅದನ್ನ ಆನ್ ಮಾಡಿ.)

ನೆಟ್ ಹೋದ್ರೆ? ಸುರಂಗ ಬೀಳುತ್ತೆ, ಲೆಕ್ಕ ನಿಲ್ಲಲ್ಲ. ಆರ್ ಓಡ್ತಿರೋದು ಅಲ್ಲಿ. ಮತ್ತೆ ಕನೆಕ್ಟ್ ಆಗಿ ಪುಟ ರಿಫ್ರೆಶ್ ಮಾಡಿದ್ರೆ ಕೆಲಸ ಮುಂದುವರಿದಿರುತ್ತೆ. ಸುಮ್ಮನೆ ಕೂತ ಸೆಷನ್ ಮಾತ್ರ ಡೀಫಾಲ್ಟ್ ಸೆಟ್ಟಿಂಗ್ ಇದ್ದರೆ 2 ತಾಸಿಗೆ ಮಲಗುತ್ತೆ, ತೆರೆದಾಗ ಏಳುತ್ತೆ. ನನ್ನ ತಂಗಿಗೆ ಹೆಚ್ಚು ಇಷ್ಟವಾದದ್ದು ಇದೇ. ಕೂಸು ಅತ್ತಾಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಬಹುದು. ಮೊದಲ ಅಧ್ಯಾಯದ ಟೇಬಲ್‌ಗಳು ಹಂಗೇ ಮುಗಿದವು. ಓದು ನಿಲ್ಲಿಸೋ ಮಾತು ಸದ್ಯಕ್ಕೆ ಯಾರೂ ಎತ್ತಿಲ್ಲ.

ಶುರುವಿನಲ್ಲಿ ಹಳೇ ಸ್ಕ್ರಿಪ್ಟ್ ಒಂದೂ ಓಡಲ್ಲ, ಗಾಬರಿ ಬೇಡ. ಲಿನಕ್ಸ್ ಸರ್ವರ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಇಲ್ಲ. ಫೈಲ್ ಹೆಸರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಪ್ಯಾಕೇಜುಗಳನ್ನೂ ಅಲ್ಲಿ ಹೊಸದಾಗಿ ಹಾಕಬೇಕು.

ನಮಗೆ ಇನ್ನೊಂದು ತಾಪತ್ರಯ, ಕನ್ನಡ. ಊರಿನ ಹೆಸರು ಕನ್ನಡದಲ್ಲಿದ್ರೆ ವಿಂಡೋಸ್‌ನ ಹಳೇ ಆರ್ ಅದನ್ನ ಎಷ್ಟೋ ಸಲ ಯೂನಿಕೋಡ್ ನಂಬರ್‌ಗಳ ಸಾಲಾಗಿ ತೋರಿಸ್ತಿತ್ತು. 2022ರ 4.2.0 ಆವೃತ್ತಿಯಿಂದ ಇದು ಸರಿಹೋಯ್ತು. ಸರ್ವರ್‌ನಲ್ಲೂ ಊರ ಹೆಸರು ಕೆಟ್ಟು ಕಾಣ್ತಿದ್ರೆ ಲೊಕೇಲ್ ಯುಟಿಎಫ್-8 ಇದೆಯಾ ಅಂತ ಅಡ್ಮಿನ್‌ಗೆ ಒಂದು ಮೆಸೇಜ್ ಹಾಕಿ. ಅವರಿಗದು ಚಹಾ ಆರೋದ್ರೊಳಗೆ ಮುಗಿಯೋ ಕೆಲಸ.